ಹದಿನಾರನೇ ಪುಟದ ಲೆಕ್ಕ

ಜ್ವರ ಬಂದರೂ ಹೊಲಿಗೆ ಅಂಗಡಿಯ ಬಾಗಿಲು ತೆಗೆಯದೆ ಬಿಡುವವಳಲ್ಲ ಅಕ್ಕ. ಅಂಥವಳು ಬೆಳಿಗ್ಗೆ ಹತ್ತು ಗಂಟೆಗೆ ಶಟರ್ ಎಳೆದು, ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಬಂದು ಕೂತಿದ್ದಾಳೆಂದರೆ ವಿಷಯ ಸಣ್ಣದಲ್ಲ ಎಂದು ಟೀಚರಮ್ಮನಿಗೆ ಗೊತ್ತಾಯಿತು.

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳು ಬೀದಿಗೆಲ್ಲ ಟೀಚರಮ್ಮನೇ. ಜಗಳ ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. ಹಾಗೆ ಕರೆಯದಿದ್ದವರು ಇಬ್ಬರೇ. ಅಕ್ಕ, ಮತ್ತು ಚಿಕ್ಕಮ್ಮ ಚಿಕ್ಕಮ್ಮ ಎಂದು ಹಿಂದೆ ಸುತ್ತುತ್ತಿದ್ದ ಅಕ್ಕನ ಮಗಳು. ಒಂದು ಕಡೆ ನಿಲ್ಲದ ಆ ಹುಡುಗಿಗೆ ಎಳವೆಯಲ್ಲೇ ಅಳಿಲು ಎಂದು ಹೆಸರು ಬಿದ್ದಿತ್ತು. ಇವತ್ತು ಮಾತ್ರ ಅಳಿಲು ಕುರ್ಚಿಯ ತುದಿಯಲ್ಲಿ ಅಲುಗಾಡದೆ ಕೂತಿದ್ದಳು.

"ನೋಡೇ, ಇವತ್ತೇ ಕಡೇ ದಿನ," ಅಕ್ಕ ಕವರಿನಿಂದ ಜೆರಾಕ್ಸ್ ಹಾಳೆಗಳ ಕಟ್ಟನ್ನು ತೆಗೆದಳು. "ಗಣಿತದ ಉತ್ತರ ಪತ್ರಿಕೆ. ನಿನ್ನೆ ಸಂಜೆ ಕೈಗೆ ಬಂತು. ಮರುಮೌಲ್ಯಮಾಪನಕ್ಕೆ ಹಾಕೋದಿದ್ರೆ ಐದು ಗಂಟೆಯೊಳಗೆ ಇವಳ ಸ್ಕೂಲಲ್ಲಿ ಅರ್ಜಿ ಕೊಡಬೇಕಂತೆ. ಹಾಕೋದೋ ಬೇಡ್ವೋ ನೀನೇ ಹೇಳು. ನನಗೆ ಇದರಲ್ಲಿ ತಲೆಬುಡ ತಿಳಿಯಲ್ಲ."

ವಿಷಯ ಇಷ್ಟು. ಅಳಿಲಿಗೆ ಹತ್ತನೇ ತರಗತಿಯ ಗಣಿತದಲ್ಲಿ ಅರವತ್ತೊಂದು ಬಂದಿತ್ತು. ಅವಳಿಗೆ ಬೇಕಾಗಿದ್ದದ್ದು ಕಟ್ಟಡಗಳ ನಕ್ಷೆ ಬರೆಯುವ ಡಿಪ್ಲೊಮಾ. ಅದಕ್ಕೆ ಅರವತ್ತೈದು ಇರಲೇಬೇಕು. ಅರವತ್ತಿದ್ದರೆ ಸಾಕೆನ್ನುವ ವಾಣಿಜ್ಯದ ಕಾಲೇಜೊಂದರಲ್ಲಿ ಸೀಟು ಆಗಲೇ ಸಿಕ್ಕಿತ್ತು. ಮರುಮೌಲ್ಯಮಾಪನಕ್ಕೆ ಹಾಕಿದರೆ ಇಡೀ ಪತ್ರಿಕೆಯನ್ನು ಹೊಸದಾಗಿ ತಿದ್ದುತ್ತಾರೆ. ಅಂಕ ಏರಲಿ, ಇಳಿಯಲಿ, ಹೊಸದೇ ಖಾಯಂ. ಎರಡು ಇಳಿದರೆ ಕೈಯಲ್ಲಿದ್ದ ಸೀಟೂ ಹೋಯಿತು.

ಟೀಚರಮ್ಮ ಕನ್ನಡಕ ಏರಿಸಿ ಪುಟ ತಿರುವಿದಳು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅವಳ ಕೈ ನಿಂತಿತು. ಅಂಚಿನಲ್ಲಿದ್ದ ನಾಲ್ಕರ ಅಂಕಿಗೆ ತಲೆ ಮುಚ್ಚಿರಲಿಲ್ಲ. ಸರಿ ಗುರುತಿನ ಬಾಲ ಕೊನೆಯಲ್ಲಿ ಕೊಕ್ಕೆಯ ಹಾಗೆ ಬಾಗಿತ್ತು. ಇನ್ನೊಂದು ಪುಟ ತಿರುವಿದಳು. ಮತ್ತೆ ಅದೇ ಕೊಕ್ಕೆ. ಅವಳ ಕೈಬರಹವೇ!

ಬೇರೆ ಊರಿನ ಮೌಲ್ಯಮಾಪನ ಕೇಂದ್ರದಲ್ಲಿ ಅವಳು ಆರು ದಿನ ಪತ್ರಿಕೆ ತಿದ್ದಿದ್ದಳು. ಹೆಸರಿಲ್ಲದ, ಬರೀ ಗುಪ್ತ ಸಂಖ್ಯೆ ಹೊತ್ತ ಕಟ್ಟುಗಳು ಎಲ್ಲಿಂದಲೋ ಬಂದು ಮೇಜಿನ ಮೇಲೆ ಬೀಳುತ್ತಿದ್ದವು. ಯಾರದ್ದು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಉಳಿದವರು ದಿನಕ್ಕೆ ಮೂವತ್ತು ತಿದ್ದಿದರೆ ಅವಳು ನಲವತ್ತೈದು ಮುಗಿಸುತ್ತಿದ್ದಳು. ಮುಖ್ಯ ಮೌಲ್ಯಮಾಪಕರು ಅವಳ ಕಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಇವರ ಕೈ ಕೈಯಲ್ಲ, ಮಷೀನು" ಎಂದಾಗ ಅವಳು ಒಳಗೊಳಗೇ ಉಬ್ಬಿಹೋಗಿದ್ದಳು.

"ಚಿಕ್ಕಮ್ಮ, ಹದಿನಾರನೇ ಪುಟ ನೋಡಿ," ಅಳಿಲು ಮೆಲ್ಲಗೆ ಅಂದಳು. "ಅಲ್ಲಿ ಒಂದು ಗುರುತೂ ಇಲ್ಲ. ಸೊನ್ನೆ ಕೊಟ್ಟಿದ್ದಾರೋ, ನೋಡದೇ ಬಿಟ್ಟಿದ್ದಾರೋ?"

ಹದಿನಾರನೆಯದು ಹೆಚ್ಚುವರಿ ಹಾಳೆಯ ಹಿಂಬದಿ. ಸಿಲಿಂಡರಿನ ಮೇಲೆ ಶಂಕು ಕೂರಿಸಿದ ಧಾನ್ಯದ ಗೋಪುರ, ಅದನ್ನು ಕಟ್ಟಲು ಎಷ್ಟು ತಗಡು ಬೇಕು ಎಂಬ ಲೆಕ್ಕ. ಆರು ಅಂಕದ್ದು. ಟೀಚರಮ್ಮನ ಕಣ್ಣು ಸರಸರನೆ ಕೆಳಗಿಳಿಯಿತು. ಚಿತ್ರ ಸರಿ, ಸೂತ್ರ ಸರಿ, ಗುಣಿಸಿದ್ದು ಸರಿ, ಉತ್ತರ ಸರಿ. ಆರಕ್ಕೆ ಆರು. ಅವಳು ಆ ಹಾಳೆಯನ್ನು ತಿರುವಿಯೇ ಇರಲಿಲ್ಲ.

ಅವಳಿಗೆ ಆಗ ನೆನಪಾದದ್ದು ಹುಡುಗಿಯ ಡಿಪ್ಲೊಮಾ ಅಲ್ಲ. ಒಂದೇ ಪ್ರಶ್ನೆಯಲ್ಲಿ ಐದಕ್ಕಿಂತ ಹೆಚ್ಚು ಅಂಕ ವ್ಯತ್ಯಾಸ ಮಾಡಿದ ಮೌಲ್ಯಮಾಪಕರಿಗೆ ನೋಟಿಸು ಬರುತ್ತದೆ ಎಂಬ ನಿಯಮ. ಇನ್ನು ಎರಡು ವಾರಕ್ಕೆ ಅವಳು ಮುಖ್ಯ ಶಿಕ್ಷಕಿಯಾಗಬೇಕಿತ್ತು. ಕಡತ ಮೇಲಿನ ಕಚೇರಿಯಲ್ಲಿತ್ತು. ನೋಟಿಸು ಬಂದವರ ಕಡತ ಅಲ್ಲೇ ಕೊಳೆಯುತ್ತದೆ.

"ಏನೇ, ಮಾತೇ ಆಡ್ತಿಲ್ಲ?" ಅಕ್ಕ ಕೇಳಿದಳು.

"ಬೇಡ ಅಕ್ಕ." ಮಾತು ತಾನಾಗಿ ಹೊರಬಿತ್ತು. "ಹಾಕೋದು ಬೇಡ. ಇಲ್ಲಿ ನೋಡು, ಹದಿನೇಳನೇ ಪ್ರಶ್ನೆಗೆ ಐದು ಕೊಟ್ಟಿದ್ದಾರೆ. ಎರಡಕ್ಕಿಂತ ಜಾಸ್ತಿ ಬರೋ ಉತ್ತರ ಅಲ್ಲ ಇದು. ಹೊಸದಾಗಿ ತಿದ್ದೋರು ಮೂರು ಕಿತ್ಕೊಂಡ್ರೆ ಐವತ್ತೆಂಟು. ಇರೋ ಸೀಟೂ ಹೋಗತ್ತೆ."

ಅದು ನಿಜವೇ. ಹದಿನೇಳರಲ್ಲಿ ಅವಳು ಕೈ ಬಿಚ್ಚಿ ಕೊಟ್ಟಿದ್ದಳು.

"ಮತ್ತೆ ಹದಿನಾರನೇ ಪುಟ?" ಅಳಿಲು ಬಿಡಲಿಲ್ಲ.

"ಉತ್ತರ ತಪ್ಪಿದ್ರೆ ಕೆಲವರು ಗುರುತು ಹಾಕಲ್ಲ, ಹಾಗೇ ಬಿಡ್ತಾರೆ. ಸೊನ್ನೆ ಅಂತ ಲೆಕ್ಕ."

"ತಪ್ಪಾ? ಎಲ್ಲಿ ತಪ್ಪಿದೆ?"

"ಕೊನೇ ಹೆಜ್ಜೆಯಲ್ಲಿ," ಎಂದು ಟೀಚರಮ್ಮ ಹಾಳೆಗಳನ್ನು ಮಡಿಸಿ ಕವರಿಗೆ ಸೇರಿಸಿದಳು. ಹುಡುಗಿಯ ಮುಖ ನೋಡಲಿಲ್ಲ.

ಅಕ್ಕ ದೊಡ್ಡ ಉಸಿರು ಬಿಟ್ಟಳು. "ಸರಿ ಬಿಡು. ನೀನು ಹೇಳಿದ ಮೇಲೆ ಮುಗೀತು. ಇವಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ನನಗೂ ಮಾಡೋಕೆ ಬಿಟ್ಟಿಲ್ಲ. ನಡಿಯೇ ಅಳಿಲು, ಅಂಗಡಿ ತೆಗೀಬೇಕು. ಐವತ್ತು ಯೂನಿಫಾರಂ ಕಾಯ್ತಾ ಕೂತಿವೆ."

ಅವರು ಹೋದ ಮೇಲೆ ಟೀಚರಮ್ಮ ಶಾಲೆಗೆ ಹೋದಳು. ರಜೆಯಾದ್ದರಿಂದ ಮಕ್ಕಳಿರಲಿಲ್ಲ. ಹೊಸ ವರ್ಷದ ವೇಳಾಪಟ್ಟಿ ಮಾಡಲು ನಾಲ್ಕಾರು ಶಿಕ್ಷಕರು ಸೇರಿದ್ದರು. ವಿಜ್ಞಾನದ ಮೇಷ್ಟ್ರು ಅವಳನ್ನು ಕಂಡೊಡನೆ ಎದ್ದು ನಿಂತು, "ಬನ್ನಿ ಬನ್ನಿ, ಈಗಿನಿಂದಲೇ ಎದ್ದು ನಿಲ್ಲೋದು ಅಭ್ಯಾಸ ಮಾಡ್ಕೋತೀನಿ" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ವೇಳಾಪಟ್ಟಿಯ ಚೌಕಗಳನ್ನು ತುಂಬುತ್ತ ಕೂತವಳು ಒಂದೇ ತರಗತಿಗೆ ಒಂದೇ ಅವಧಿಯಲ್ಲಿ ಎರಡು ಪಾಠ ಬರೆದಳು. ಅಳಿಸಿ ಬರೆದಳು, ಮತ್ತೆ ತಪ್ಪಿತು.

ಮೂರು ಗಂಟೆಯ ಹೊತ್ತಿಗೆ ಅವಳಿಗೆ ಒಂದು ದಾರಿ ಹೊಳೆಯಿತು. ಅಂಗಡಿಗೆ ಹೋಗಿ, 'ಇನ್ನೊಮ್ಮೆ ಯೋಚನೆ ಮಾಡಿದೆ, ಹಾಕಿಬಿಡಿ' ಎಂದರೆ ಸಾಕಲ್ಲ. ತಿದ್ದಿದವಳು ತಾನೇ ಎಂದು ಹೇಳುವ ಅಗತ್ಯವೇನು? ನೋಟಿಸು ಬಂದಾಗ ನೋಡಿಕೊಂಡರಾಯಿತು. ಹೀಗೆ ಅಂದುಕೊಂಡ ಮೇಲೆ ಎದೆ ಸ್ವಲ್ಪ ಹಗುರಾಯಿತು. ಸ್ಕೂಟರ್ ಹತ್ತಿ ಹೊರಟಳು.

ಅಂಗಡಿಯಲ್ಲಿ ಮಷೀನು ಒಂದೇ ಸಮನೆ ಓಡುತ್ತಿತ್ತು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅಳಿಲು ನೆಲದ ಮೇಲೆ ಬಗ್ಗಿ ಕೂತಿದ್ದಳು. ಅವಳ ಸುತ್ತ ಅಳತೆ ಗುರುತು ಮಾಡುವ ಕಂದು ಕಾಗದದ ದೊಡ್ಡ ದೊಡ್ಡ ಹಾಳೆಗಳು ಹರಡಿದ್ದವು. ಎಲ್ಲದರ ಮೇಲೂ ಗೋಪುರ, ಎಲ್ಲದರ ಮೇಲೂ ಅದೇ ಲೆಕ್ಕ.

"ಬಂದ್ರಾ ಚಿಕ್ಕಮ್ಮ!" ಅಳಿಲು ತಲೆ ಎತ್ತಿದಳು. ಕಣ್ಣು ಕೆಂಪಗಾಗಿತ್ತು. "ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ಆರು ಸಲ ಮಾಡಿದೆ. ಬೇರೆ ಬೇರೆ ಥರ ಮಾಡಿದೆ. ಎಷ್ಟು ಸಲ ಮಾಡಿದ್ರೂ ಅದೇ ಉತ್ತರ ಬರ್ತಿದೆ. ನನ್ನ ತಪ್ಪು ನನಗೇ ಕಾಣಿಸ್ತಿಲ್ಲ ಅಂದ್ರೆ... ನನಗೆ ಗಣಿತ ಬರೋದೇ ಇಲ್ವೇನೋ. ನಕ್ಷೆ ಕೆಲಸ ನನ್ನ ಕೈಲಾಗಲ್ಲ, ಅಲ್ವಾ?"

ದಾರಿಯುದ್ದಕ್ಕೂ ಟೀಚರಮ್ಮ ಜೋಡಿಸಿಕೊಂಡು ಬಂದಿದ್ದ ಮಾತು ಎಲ್ಲಿಗೋ ಹೋಯಿತು. ಸೀರೆಯ ಪರಿವೆಯಿಲ್ಲದೆ ನೂಲಿನ ಚೂರುಗಳ ನಡುವೆ ಹುಡುಗಿಯ ಎದುರು ಕೂತಳು.

"ತಪ್ಪಿಲ್ಲ," ಅಂದಳು. "ನಿನ್ನ ಲೆಕ್ಕದಲ್ಲಿ ತಪ್ಪೇ ಇಲ್ಲ ಕಣೇ."

ಮಷೀನು ನಿಂತಿತು.

"ಬೆಳಿಗ್ಗೆ ಕೊನೇ ಹೆಜ್ಜೆ ತಪ್ಪು ಅಂದ್ರಿ?"

"ಸುಳ್ಳು ಹೇಳಿದೆ. ಆ ಪತ್ರಿಕೆ ತಿದ್ದಿದ್ದು ನಾನೇ. ನಿನ್ನದು ಅಂತ ಗೊತ್ತಿರಲಿಲ್ಲ, ಇವತ್ತು ಬೆಳಿಗ್ಗೆ ನನ್ನ ಕೈಬರಹ ನೋಡಿದಾಗಲೇ ಗೊತ್ತಾಗಿದ್ದು. ಹದಿನಾರನೇ ಪುಟ ನಾನು ತಿರುವಲೇ ಇಲ್ಲ. ಆರಕ್ಕೆ ಆರು ಕೊಡಬೇಕಿತ್ತು."

ಅಕ್ಕ ಮಷೀನು ಬಿಟ್ಟು ಎದ್ದು ಬಂದಳು. ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ಬೇಡ ಅಂತ ಯಾಕೆ ಅಂದೆ?"

"ನೋಟಿಸು ಬರತ್ತೆ ಅಂತ. ಮುಖ್ಯ ಶಿಕ್ಷಕಿ ಮಾಡೋದು ನಿಂತುಹೋಗತ್ತೆ ಅಂತ."

ಈ ಅಕ್ಕ ಹದಿನೈದನೇ ವಯಸ್ಸಿಗೆ ಓದು ಬಿಟ್ಟು ಮಷೀನಿನ ಮುಂದೆ ಕೂತಿದ್ದರಿಂದಲೇ ತಂಗಿ ಓದಿ ಟೀಚರಮ್ಮನಾಗಿದ್ದಳು. ಆ ಮಾತನ್ನು ಅಕ್ಕ ಒಂದು ದಿನವೂ ಎತ್ತಿ ಆಡಿದವಳಲ್ಲ. ಈಗಲೂ ಆಡಲಿಲ್ಲ. ತಂಗಿಯ ಮುಖವನ್ನೇ ನೋಡುತ್ತ ನಿಂತಳು. ಆ ನೋಟಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು ಎನಿಸಿತು ಟೀಚರಮ್ಮನಿಗೆ.

"ಗಂಟೆ ನಾಲ್ಕಾಯ್ತು," ಕೊನೆಗೆ ಅಕ್ಕ ಅಂದಳು, ಒಣ ದನಿಯಲ್ಲಿ. "ಈಗ ಹಾಕಿದ್ರೆ ಎಷ್ಟು ಬರತ್ತೆ? ಸುಳ್ಳು ಹೇಳ್ಬೇಡ."

"ಹದಿನಾರನೇ ಪುಟಕ್ಕೆ ಆರು ಸೇರತ್ತೆ. ಹದಿನೇಳನೇ ಪ್ರಶ್ನೆಯಲ್ಲಿ ಮೂರು ಹೋಗತ್ತೆ, ಅದು ಮಾತ್ರ ಬೆಳಿಗ್ಗೆ ನಿಜಾನೇ ಹೇಳಿದ್ದು. ಅಲ್ಲಿಗೆ ಅರವತ್ನಾಲ್ಕು."

"ಬೇಕಾಗಿರೋದು ಅರವತ್ತೈದು."

"ಹೌದು."

"ಇಷ್ಟೆಲ್ಲ ಮಾಡಿ ಒಂದು ಕಡಿಮೆ ಬೀಳತ್ತೆ ಅಂತೀಯ. ತಿದ್ದೋರು ಬಿಗಿ ಕೈಯವರಾದ್ರೆ ಇನ್ನೂ ಕಡಿಮೆ. ಅರವತ್ತರ ಕೆಳಗೆ ಇಳಿದ್ರೆ ಇವಳು ಮನೇಲಿ ಕೂರಬೇಕು." ಅಕ್ಕ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. "ಹಾಕಿದ್ರೂ ಕಷ್ಟ, ಬಿಟ್ಟರೂ ಕಷ್ಟ. ಏನು ಮಾಡ್ಲಿ ನಾನು?"

ಅಳಿಲು ಕಂದು ಹಾಳೆಗಳನ್ನು ಒಂದೊಂದಾಗಿ ಎತ್ತಿ ಸುರುಳಿ ಸುತ್ತುತ್ತಿದ್ದಳು.

"ಹಾಕೋಣ ಅಮ್ಮ," ಅಂದಳು. "ಸೀಟು ಸಿಕ್ರೆ ಸಿಗಲಿ, ಬಿಟ್ರೆ ಬಿಡಲಿ. ಇವತ್ತು ಇಡೀ ದಿನ ನಾನು ದಡ್ಡಿ ಅಂದ್ಕೊಂಡು ಕೂತಿದ್ದೆ. ಆ ಲೆಕ್ಕ ಸರಿ ಅಂತ ಪತ್ರಿಕೆ ಮೇಲೆ ಯಾರಾದ್ರೂ ಬರೀಬೇಕು ನನಗೆ."

ಸ್ಕೂಟರಿನ ಮೇಲೆ ಮೂವರೂ ಕೂತರು. ಟೀಚರಮ್ಮ ಓಡಿಸುತ್ತಿದ್ದಳು, ನಡುವೆ ಅಳಿಲು, ಹಿಂದೆ ಅಕ್ಕ. ಎರಡು ಸಿಗ್ನಲ್ ದಾಟಿದರು. ಮೂರನೆಯದರ ಹತ್ತಿರ ರಸ್ತೆ ಅಗೆದು ಪೈಪು ಹಾಕುತ್ತಿದ್ದರು. ವಾಹನಗಳು ಆಮೆಯಂತೆ ತೆವಳುತ್ತಿದ್ದವು. ನಾಲ್ಕು ಮೂವತ್ತೈದು. ನಾಲ್ಕು ನಲವತ್ತು. ಅಳಿಲು ಹಿಂದಿನಿಂದ ಚಿಕ್ಕಮ್ಮನ ಭುಜ ಹಿಡಿದಿದ್ದಳು. ಆ ಹಿಡಿತದಲ್ಲಿ ಕೋಪವಿದೆಯೋ, ಬೀಳುವ ಹೆದರಿಕೆಯಷ್ಟೇ ಇದೆಯೋ ತಿಳಿಯದೆ ಟೀಚರಮ್ಮ ಒದ್ದಾಡಿದಳು. ನಲವತ್ತೈದಕ್ಕೆ ಅಳಿಲು ಕವರನ್ನು ಎದೆಗೊತ್ತಿಕೊಂಡು ಸ್ಕೂಟರಿನಿಂದ ಇಳಿದು ಓಡಿದಳು. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ.

ಟೀಚರಮ್ಮ ಹೇಗೋ ದಾರಿ ಮಾಡಿಕೊಂಡು ಅಳಿಲಿನ ಶಾಲೆ ಮುಟ್ಟಿದಾಗ ಗುಮಾಸ್ತರು ಕಿಟಕಿಯ ಒಂದು ಬಾಗಿಲು ಆಗಲೇ ಮುಚ್ಚಿದ್ದರು.

"ಇಷ್ಟು ದಿನ ನಿದ್ದೆ ಮಾಡ್ತಿದ್ರಾ?" ಎಂದು ಗೊಣಗುತ್ತ ಅವರು ಅರ್ಜಿಯ ಕೆಳಗಿನ ಸಾಲು ತೋರಿಸಿದರು. "ಅಂಕ ಕಡಿಮೆಯಾದರೂ ಒಪ್ಪಿಗೆ ಅಂತ ಇಲ್ಲಿ ಸಹಿ ಹಾಕಿ. ಆಮೇಲೆ ಬಂದು ನನ್ನ ಜೊತೆ ಜಗಳ ಆಡೋ ಹಾಗಿಲ್ಲ."

ಎಷ್ಟೋ ಜನರ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ಬರೆದುಕೊಳ್ಳುವ ಅಕ್ಕ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಒಂದು ಸಲ ಮಗಳತ್ತ ನೋಡಿದಳು. ಸಹಿ ಹಾಕಿದಳು. ಗುಮಾಸ್ತರು ಮೊಹರು ಒತ್ತಿದಾಗ ಐದಕ್ಕೆ ಎರಡು ನಿಮಿಷವಿತ್ತು.

ವಾಪಸು ಹೋಗುವಾಗ ಅಕ್ಕ ಸ್ಕೂಟರ್ ಹತ್ತಲಿಲ್ಲ. "ನಾವು ಬಸ್ಸಲ್ಲಿ ಹೋಗ್ತೀವಿ" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಟೀಚರಮ್ಮ ಮುಖ್ಯ ಮೌಲ್ಯಮಾಪಕರಿಗೆ ಒಂದು ಪುಟದ ಪತ್ರ ಬರೆದಳು. ಪತ್ರಿಕೆ ತನ್ನ ಅಕ್ಕನ ಮಗಳದ್ದೆಂದು ಈಗ ಗೊತ್ತಾಗಿದೆ, ಒಂದು ಪುಟ ತಿದ್ದದೆ ಬಿಟ್ಟಿದ್ದೇನೆ, ಒಂದು ಪ್ರಶ್ನೆಗೆ ಹೆಚ್ಚು ಕೊಟ್ಟಿದ್ದೇನೆ ಎಂದು. ಗಂಡ ಓದಿ ನೋಡಿ, "ಕೇಳೋ ಮುಂಚೆ ನೀನಾಗೇ ಕೊರಳು ಕೊಡ್ತೀಯಲ್ಲೇ" ಎಂದ. ಅವಳು ಅಂಟು ಹಚ್ಚಿ ಲಕೋಟೆ ಮುಚ್ಚಿದಳು.

ಮುಂದಿನ ಹತ್ತೊಂಬತ್ತು ದಿನ ಅಕ್ಕನಿಂದ ಒಂದು ಫೋನೂ ಇಲ್ಲ. ಟೀಚರಮ್ಮ ಮಾಡಿದರೆ, "ಕೆಲಸ ಇದೆ, ಇಡ್ತೀನಿ" ಎಂಬ ಉತ್ತರ. ಅಷ್ಟರಲ್ಲಿ ನೋಟಿಸು ಬಂತು. ಮೂರು ವರ್ಷ ಮೌಲ್ಯಮಾಪನಕ್ಕೆ ಕರೆಯುವಂತಿಲ್ಲ. ಕಡತವೂ ಹಿಂದಕ್ಕೆ ಬಂತು. ವಿಜ್ಞಾನದ ಮೇಷ್ಟ್ರೇ ಮುಖ್ಯ ಶಿಕ್ಷಕರಾದರು. ಅವರ ಎದುರು ಎದ್ದು ನಿಲ್ಲುವಾಗ ಟೀಚರಮ್ಮನಿಗೆ ಮೊದಮೊದಲು ಮುಖ ಬಿಸಿಯಾಗುತ್ತಿತ್ತು. ಅವರೂ ಪಾಪ, ಅವಳತ್ತ ನೋಡದೆ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುತ್ತಿದ್ದರು.

ಇಪ್ಪತ್ತನೆಯ ದಿನ ಮಧ್ಯಾಹ್ನ ಅಳಿಲಿನ ಫೋನು ಬಂತು. ದನಿ ಕೀಚಲಾಗಿತ್ತು. "ಚಿಕ್ಕಮ್ಮ, ಅರವತ್ತಾರು!"

"ಅರವತ್ತಾರಾ? ಹೇಗೆ?"

"ಹದಿನಾರನೇ ಪುಟಕ್ಕೆ ಆರು ಬಂತು. ಹದಿನೇಳರಲ್ಲಿ ಮೂರು ಹೋಯ್ತು, ನೀವು ಹೇಳಿದ ಹಾಗೇ. ಒಂಬತ್ತನೇ ಪ್ರಶ್ನೆಗೆ ಎರಡು ಜಾಸ್ತಿ ಕೊಟ್ಟಿದ್ದಾರೆ. ನಾನು ಬೇರೆ ವಿಧಾನದಲ್ಲಿ ಮಾಡಿದ್ದೆ, ಅದೂ ಸರಿಯಂತೆ."

ಒಂಬತ್ತನೇ ಪ್ರಶ್ನೆಯನ್ನು ಟೀಚರಮ್ಮ ಕೇಂದ್ರದಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ ನೋಡಿದ್ದಳು. ಎರಡು ಸಲವೂ ಆ ವಿಧಾನ ಅವಳ ಕಣ್ಣಿಗೆ ತಪ್ಪಾಗಿಯೇ ಕಂಡಿತ್ತು. ಹುಡುಗಿಗೆ ಸೀಟು ಸಿಕ್ಕ ಸಂತೋಷ ಎದೆ ತುಂಬಿದರೂ ಅದರೊಳಗೆ ಒಂದು ಮುಳ್ಳು ಚುಚ್ಚಿತು. ಹಾಗಾದರೆ ಆ ಆರು ದಿನದಲ್ಲಿ ಇನ್ನೆಷ್ಟು ಮಕ್ಕಳದ್ದು ಹೀಗಾಗಿದೆಯೋ?

"ಅಮ್ಮ ಏನಂದ್ಲು?" ಎಂದು ಕೇಳಿದಳು.

"ಅತ್ತಳು. ಆಮೇಲೆ ಮಷೀನಿಗೆ ಎಣ್ಣೆ ಹಾಕ್ತಾ ಕೂತಳು."

ಸಂಜೆ ಶಾಲೆ ಮುಗಿಸಿ ಟೀಚರಮ್ಮ ಅಂಗಡಿಗೆ ಹೋದಳು. ಒಳಗೆ ಹೋಗಲು ಧೈರ್ಯ ಸಾಲದೆ ಹೊಸ್ತಿಲಲ್ಲೇ ನಿಂತಳು. ಅಕ್ಕ ತಲೆ ಎತ್ತಲಿಲ್ಲ. ಒಂದು ಅಂಗಿಯ ಕಾಲರ್ ಹೊಲಿದು ಮುಗಿಸಿ, ಹಲ್ಲಿನಿಂದ ನೂಲು ಕಚ್ಚಿ ಹರಿದಳು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಕಣೇ," ಅಂದಳು. "ಹೋದಾಗ ಹೇಳ್ತೀನಿ."

"ಆಗಲಿ ಅಕ್ಕ."

"ಊಟ ಮಾಡಿದ್ಯಾ ಮಧ್ಯಾಹ್ನ?"

"ಇಲ್ಲ."

"ಡಬ್ಬಿಯಲ್ಲಿ ಇದೆ, ತಿನ್ನು. ತಿಂದಾದ ಮೇಲೆ ಸುಮ್ನೆ ಕೂರಬೇಡ." ಅಕ್ಕ ಮೂಲೆಯಲ್ಲಿದ್ದ ಬಿಳಿ ಅಂಗಿಗಳ ರಾಶಿಯನ್ನು ಕಾಲಿನಿಂದ ಇತ್ತ ತಳ್ಳಿದಳು. "ನಾಳೆ ಶಾಲೆ ಮಕ್ಕಳು ಬರ್ತಾರೆ. ಗುಂಡಿ ಹಚ್ಚು."

ಟೀಚರಮ್ಮ ಉಂಡು, ಕೈ ತೊಳೆದು, ಸೂಜಿಗೆ ನೂಲು ಪೋಣಿಸಿ ಕೂತಳು. ಮೊದಲನೇ ಅಂಗಿ ಮುಗಿಸಿ ಕೊಟ್ಟಾಗ ಅಕ್ಕ ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಮೂರನೆಯದು ಅಲುಗಾಡಿತು.

"ಬಿಚ್ಚಿ ಮತ್ತೆ ಹಚ್ಚು," ಎಂದು ಅಂಗಿಯನ್ನು ತಂಗಿಯ ಮಡಿಲಿಗೆ ಎಸೆದಳು.