ರಿಜಿಸ್ಟರಿನ ವಯಸ್ಸು

"ಕೈ ಇಳಿಸಬೇಡಿ, ಇನ್ನೊಂದು ಸಲ ಎಣಿಸ್ತೀನಿ," ಎಂದ ಊರಿನ ಸಭೆಯ ಗುಮಾಸ್ತ.

ಇಸ್ತ್ರಿಯಮ್ಮ ಎತ್ತಿದ ಕೈಯನ್ನು ಇನ್ನಷ್ಟು ಮೇಲಕ್ಕೆ ಚಾಚಿದಳು. ಪರವಾಗಿ ಏಳು, ವಿರುದ್ಧ ಆರು. ಹದಿನಾಲ್ಕು ವರ್ಷಕ್ಕೆ ಮುಗಿಯುತ್ತಿದ್ದ ಕಡ್ಡಾಯ ಶಾಲೆ ಇನ್ನು ಈ ಊರಿನಲ್ಲಿ ಹದಿನಾರರವರೆಗೆ. ಆ ವಯಸ್ಸನ್ನು ಗೊತ್ತುಮಾಡುವ ಅಧಿಕಾರ ಊರಿನ ಸಭೆಗೆ ಬಂದು ವರ್ಷವಾಗಿತ್ತು. ಬಟ್ಟೆಗೆ ಇಸ್ತ್ರಿ ಹಾಕುವ ಈ ಹೆಂಗಸು ಸದಸ್ಯೆಯಾದ ದಿನದಿಂದ ಅದೊಂದನ್ನೇ ಪಟ್ಟು ಹಿಡಿದು ಕೂತಿದ್ದಳು.

ಸುಮ್ಮಸುಮ್ಮನೆ ಹಿಡಿದ ಪಟ್ಟಲ್ಲ. ಮನೆಯಲ್ಲಿ ಹದಿಮೂರರ ಮಗಳಿದ್ದಳು. ನೂಲಿನ ಗಿರಣಿಯ ಧೂಳು ಕುಡಿದು ಗಂಡನ ಎದೆ ಕೆಟ್ಟಿತ್ತು. ತನ್ನ ಜಾಗಕ್ಕೆ ಮಗಳನ್ನು ಸೇರಿಸಲು ಆಗಲೇ ಮಾತಾಡಿ ಬಂದಿದ್ದ. "ಕಾಯ್ದೇನೇ ಕೂಡದು ಅಂದ್ರೆ ನಾನು ತುಟಿ ಪಿಟಕ್ಕನ್ನಲ್ಲ. ಇಲ್ಲಾಂದ್ರೆ ಸೋಮವಾರದಿಂದ ಅವಳು ಗಿರಣಿಗೆ," ಎಂದಿದ್ದ. ಕೆಟ್ಟವನೇನಲ್ಲ, ಕೆಮ್ಮಿ ಕೆಮ್ಮಿ ಸೋತವನು. ಸೋತವರ ಹಟ ಮುರಿಯುವುದು ಕಷ್ಟ.

ಇಂಥ ಅಪ್ಪಂದಿರ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗುವಿಗೆ ಹದಿನಾಲ್ಕು ತುಂಬಿದೆ ಎಂದು ಸಲೀಸಾಗಿ ಸುಳ್ಳು ಹೇಳಿಬಿಡುತ್ತಾರೆ. ಅದಕ್ಕೇ ಸಭೆಯಲ್ಲಿ ಎದ್ದು ನಿಂತು ನಿರ್ಣಯಕ್ಕೆ ಒಂದು ಸಾಲು ಸೇರಿಸಿದ್ದಳು: ಇವತ್ತಿಗೆ ಹದಿನಾಲ್ಕು ತುಂಬಿದವರಿಗೆ ಹಳೆಯ ನಿಯಮ, ಉಳಿದವರಿಗೆಲ್ಲ ಹೊಸದು; ವಯಸ್ಸಿಗೆ ಶಾಲೆಯ ರಿಜಿಸ್ಟರೇ ಸಾಕ್ಷಿ, ಯಾರ ಬಾಯಿಮಾತೂ ನಡೆಯುವುದಿಲ್ಲ.

ಮರುದಿನ ಶಾಲೆಯ ಹೆಡ್‌ಮೇಡಂ ಹೇಳಿಕಳಿಸಿದರು. ಅಭಿನಂದನೆ ಹೇಳುತ್ತಾರೇನೋ ಎಂದುಕೊಂಡು ಇಸ್ತ್ರಿಯಮ್ಮ ಒಳ್ಳೆಯ ಸೀರೆ ಉಟ್ಟು ಹೋದಳು. ಮೇಡಂ ರಿಜಿಸ್ಟರನ್ನು ಅವಳತ್ತ ತಿರುಗಿಸಿದರು.

"ನಿಮ್ಮ ಮಗಳಿಗೆ ಹದಿನಾಲ್ಕು ತುಂಬಿ ಐದು ತಿಂಗಳಾಯ್ತಲ್ಲಮ್ಮ."

"ಎಲ್ಲಾದ್ರೂ ಉಂಟಾ ಮೇಡಂ! ಹೆತ್ತವಳಿಗೆ ಗೊತ್ತಿಲ್ವಾ?" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮಗಳು ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಕೈ ಹಾಕಿದ ವರ್ಷ ನೆನಪಾಯಿತು. ನೋಡಿಕೊಳ್ಳಲು ಯಾರೂ ಇರಲಿಲ್ಲ. ಐದರ ಕೂಸಿಗೆ ಆರು ಎಂದು ಬರೆಸಿ ಶಾಲೆಗೆ ದಬ್ಬಿದ್ದಳು. ಆ ಬೀದಿಯ ತಾಯಂದಿರು ಮಾಡುತ್ತಿದ್ದದ್ದೇ ಅದು. ಹುಡುಗಿ ಚುರುಕು, ಯಾರಿಗೂ ಅನುಮಾನ ಬರಲಿಲ್ಲ. ಅವಳೂ ಮರೆತುಬಿಟ್ಟಳು.

"ನಾನು ಬರೆಸಿದ ಸುಳ್ಳು ಮೇಡಂ ಅದು. ಹುಟ್ಟಿದ್ದು ಮನೇಲಿ, ಚೀಟಿಗೀಟಿ ಏನೂ ಇಲ್ಲ. ತಿದ್ದಿಬಿಡಿ, ನಿಮ್ಮ ಕಾಲು ಹಿಡೀತೀನಿ."

ಮೇಡಂ ಪೆನ್ನು ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. "ಇವತ್ತು ನಿಮಗೆ ತಿದ್ದಿದ್ರೆ, ನಾಳೆ ಯಾವನೋ ಅಪ್ಪ ಬಂದು ಮಗಳ ವಯಸ್ಸು ಜಾಸ್ತಿ ಮಾಡಿ ಅಂತಾನೆ. ಬಾಯಿಮಾತು ಬೇಡ ಅಂದಿದ್ದು ನೀವೇ ಅಲ್ವೇನಮ್ಮ?"

ಮನೆಯಲ್ಲಿ ಗಂಡ ಗೆದ್ದವನಂತೆ ಮಾತಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ ಕೆಮ್ಮಿದ. ಮಗಳು ಮಾತ್ರ ಬಾಗಿಲಲ್ಲೇ ನಿಂತಿದ್ದಳು.

"ನಂಗಿನ್ನೂ ಹದಿಮೂರೇ ಅಂತ ನಾನೇ ಹೋಗಿ ಹೇಳ್ಲಾ ಅಮ್ಮ?"

"ನಡೆಯಲ್ಲ ಮಗಳೇ."

"ನಿಜಾನೇ ಅಲ್ವಾ ಅದು?"

"ನಿಜಾನೇ ಕಣೇ." ಇಸ್ತ್ರಿಯಮ್ಮ ನೆಲದ ಮೇಲೆ ಕುಸಿದು ಕೂತಳು. "ಬೈದುಬಿಡು ನನ್ನ. ಬಾಯಿಗೆ ಬಂದ ಹಾಗೆ ಬೈಯಿ."

ಮಗಳು ಬಂದು ಪಕ್ಕದಲ್ಲಿ ಕೂತಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ತಾಯಿಯೇ ಗಿರಣಿಯವರೆಗೆ ಬಂದಳು. ಗೇಟಿನ ಮುಂದೆ ಹೆಂಗಸರು ಸಾಲುಗಟ್ಟಿದ್ದರು. ಹುಡುಗಿ ಹೋಗಿ ಕೊನೆಯಲ್ಲಿ ನಿಂತಳು. ನಿಂತವಳೇ ಬಲಗೈಯನ್ನು ನೇರ ಮುಂದಕ್ಕೆ ಚಾಚಿ, ಮುಂದಿದ್ದವಳ ಭುಜಕ್ಕೆ ಬೆರಳು ತಾಗಿಸಿ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಅಳೆಯುವಂತೆ ಅಂತರ ಅಳೆದಳು. ಆ ಹೆಂಗಸು ಏನು ಎಂಬಂತೆ ತಿರುಗಿ ನೋಡಿದಳು. ಹುಡುಗಿ ಮೆಲ್ಲನೆ ಕೈ ಇಳಿಸಿದಳು.