ಒರೆಸಿದ ಬೆಸುಗೆ

"ಕತ್ತೆಗೆ ಕಲಿಸಿದ್ರೂ ಆರು ವರ್ಷದಲ್ಲಿ ಒಂದು ವಾಲ್ವ್ ನೆಟ್ಟಗೆ ಕೂರಿಸ್ತಿತ್ತು ಕಣೋ! ನಾಳೆಯಿಂದ ಬೆಸೆಯೋ ಟಾರ್ಚ್ ಮುಟ್ಟಬೇಡ, ಪೈಪ್ ಹೊತ್ಕೊಂಡು ಬಾ ಸಾಕು!"

ಸೋದರಮಾವ ಅಳಿಯನ ಮೇಲೆ ಹೀಗೆ ಅಬ್ಬರಿಸಿದ್ದು ಮನೆಯ ಯಜಮಾನಿಯ ಎದುರಿಗೆ, ಗೋಡೆಗೆ ಬಣ್ಣ ಬಳಿಯುತ್ತಿದ್ದ ಮೂವರ ಎದುರಿಗೆ. ಒಬ್ಬ ಕಿಸಕ್ಕನೆ ನಕ್ಕ. ಸಿಂಕಿನ ಕೆಳಗೆ, ಬೆಳಿಗ್ಗೆ ತಾಮ್ರದ ಪೈಪಿಗೆ ಬೆಸೆದಿದ್ದ ವಾಲ್ವಿನ ಬುಡದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ನಾನು ಬೆಸೆದಿದ್ದು ಸೋರಲ್ಲ ಮಾವ."

"ಹಾಗಾದ್ರೆ ದೆವ್ವ ಬಂದು ಬೆಸೆದು ಹೋಯ್ತಾ?"

"ಜಗಳ ಆಮೇಲೆ ಆಡ್ಕೊಳ್ರಪ್ಪ," ಎಂದಳು ಯಜಮಾನಿ. "ಇದನ್ನ ಮಾಡಿದೋರು ಮಾತ್ರ ನನ್ನ ಮನೇಲಿ ಇನ್ನೊಂದು ಪೈಪ್ ಮುಟ್ಟೋ ಹಾಗಿಲ್ಲ."

ಅಳಿಯ ಹಲ್ಲು ಕಚ್ಚಿಕೊಂಡು ಸಿಂಕಿನ ಕೆಳಗೆ ನುಸುಳಿ ಮೊಬೈಲಿನ ಬೆಳಕು ಹಿಡಿದ. ಅವನು ಬೆಸೆದರೆ ಕೆಳಗೊಂದು ಸೀಸದ ಹನಿ ಗಟ್ಟಿಯಾಗಿ ಉಳಿಯುತ್ತದೆ. ಒರೆಸುವ ತಾಳ್ಮೆ ಅವನಿಗೆಲ್ಲಿ! ಬಿಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ ನುಣ್ಣಗೆ ಮಾಡುವುದು ಮಾವನ ಕೈ. ಈ ಬೆಸುಗೆ ನುಣ್ಣಗಿತ್ತು. ಹಿಂಬದಿಯಲ್ಲಿ ಮಾತ್ರ ಸೀಸ ಹರಿದೇ ಇರಲಿಲ್ಲ, ಕಪ್ಪು ಬಿರುಕು ಬಾಯಿ ಬಿಟ್ಟಿತ್ತು.

ಮೊನ್ನೆ ಅಳತೆಪಟ್ಟಿ ಕೈಗೆ ಕೊಟ್ಟು, "ನೀನೇ ಓದೋ" ಅಂದಿದ್ದನಲ್ಲ ಮಾವ. ಹಾಗಾದರೆ ಮಾವನ ಕಣ್ಣು ಮಂಜಾಗಿದೆಯೇ? ಕಾಣದೆ ಬೈದನೋ, ಕಂಡೂ ಬೈದನೋ? ಮೈಯೆಲ್ಲ ಉರಿಯುತ್ತಿತ್ತು, ಆದರೆ ಯಾರ ಮೇಲೆ ಉರಿಯಬೇಕು ಅನ್ನುವುದೇ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಮಾವನ ಮೂವತ್ತು ವರ್ಷದ ಹೆಸರು ಈ ಅಡುಗೆಮನೆಯಲ್ಲೇ ಮಣ್ಣು. ಸುಮ್ಮನಿದ್ದರೆ ತನ್ನ ಕೈಯ ಟಾರ್ಚ್ ಹೋಯಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಸರಿಯೋ ಆಚೆ." ಮಾವ ಮಂಡಿಯೂರಿ ಕೈ ಹಾಕಿದ. ನೋಡಲಿಲ್ಲ, ಹೆಬ್ಬೆರಳಿನಿಂದ ತಡವಿದ. ಬೆರಳು ಅಳಿಯನ ಹನಿಗಾಗಿ ಕೆಳಗೆ ಹುಡುಕಿತು, ಸಿಗಲಿಲ್ಲ. ಇನ್ನೊಂದು ಸುತ್ತು ಬಂತು. ನಿಂತಿತು.

"ಏನ್ರೀ, ಯಾರ ಕೆಲಸ ಇದು?" ಯಜಮಾನಿ ಕೇಳಿದಳು.

ಮಾವ ಕೈ ಹೊರಗೆ ತೆಗೆದು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಅಳಿಯನ ಮುಖ ಇದ್ದ ಕಡೆ ತಿರುಗಿ, "ನೀನೇ ಹೇಳೋ," ಅಂದ. ಅಬ್ಬರ ಇಳಿದಿತ್ತು. ಅದು ಅಪ್ಪಣೆಯೋ, ಬೇಡಿಕೆಯೋ, ಇನ್ನೊಂದು ಬೈಗುಳದ ಪೀಠಿಕೆಯೋ, ಅಳಿಯನಿಗೆ ಅರ್ಥವಾಗಲಿಲ್ಲ.

ಬಣ್ಣದವರು ಬ್ರಷ್ ನಿಲ್ಲಿಸಿ ಕಾಯುತ್ತಿದ್ದರು. ಅಳಿಯ ಬೆಸೆಯುವ ಟಾರ್ಚನ್ನು ಎತ್ತಿ, ಮಾವನ ಕೈಗೆ ಎಟುಕುವಷ್ಟು ಹತ್ತಿರ ನೆಲದ ಮೇಲಿಟ್ಟ. ಆ ಮನೆಯ ಪೈಪನ್ನು ಇನ್ನು ಮುಟ್ಟುವಂತಿಲ್ಲದವನು ತಾನೇ ಅನ್ನುವ ಹಾಗೆ ಹೊರಗೆ ನಡೆದ.