ಗೋದಮ್ಮನವರ ಸವತಿಯರು

ಗೋದಮ್ಮನವರ ಸಿಟ್ಟು ಮಾತಿಗಿಂತ ಮೊದಲು ಪಾತ್ರೆಗಳಲ್ಲಿ ಕೇಳಿಸುತ್ತಿತ್ತು. ನಡುಮನೆಯಲ್ಲಿ ಅವರ ಯಜಮಾನರು ಪಾರ್ಥಸಾರಥಿ ಮೇಷ್ಟರು ಬೀರುವಿನಿಂದ ಜಪಾನಿ ಚಿತ್ರಗಳ ಪುಸ್ತಕ ತೆಗೆದು, ಸುತ್ತಿದ ರೇಷ್ಮೆಬಟ್ಟೆ ಬಿಚ್ಚಿದರೋ ಇಲ್ಲವೋ, ಅಡುಗೆಮನೆಯಲ್ಲಿ ಒಂದು ತಟ್ಟೆ ಬೀಳುತ್ತಿತ್ತು. ಹಾಳೆ ತಿರುಗಿದಂತೆಲ್ಲ ಲೋಟ, ಸೌಟು, ಕೊನೆಗೆ ದೊಡ್ಡ ಪಾತ್ರೆಯ ಮುಚ್ಚಳ. “ಬೆಕ್ಕಿರಬೇಕು,” ಎನ್ನುತ್ತಿದ್ದರು ಮೇಷ್ಟರು.

ಶಿವಪುರದ ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಚಿತ್ರಕಲೆಯ ಎಂ.ಎ.ಗೆ ಪ್ರಬಂಧ ಬರೆಯಲು, ಮದ್ದೂರಿನ ಈ ನಿವೃತ್ತ ಡ್ರಾಯಿಂಗ್ ಮೇಷ್ಟರ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ರೇಷ್ಮೆ ಇಲಾಖೆಯಲ್ಲಿದ್ದ ಅವರ ತಾತ ಜಪಾನಿಗೆ ಹೋದಾಗ ತಂದ ಪುಸ್ತಕವದು. ಬಣ್ಣಕ್ಕೊಂದು ಮರದ ಅಚ್ಚು ಕೆತ್ತಿ, ಒಂದರ ಮೇಲೊಂದು ಒತ್ತಿ ಮೂಡಿಸಿದ ಗಣಿಕೆಯರು: ಕನ್ನಡಿ ಹಿಡಿದವಳು, ಓಲೆ ಓದುವವಳು, ಮಳೆಗೆ ಕೈಚಾಚಿದವಳು. “ನಡುಪಟ್ಟಿಯ ಗಂಟು ನೋಡಮ್ಮ, ಮುಂದಿದೆ. ಸಂಸಾರಸ್ಥೆಯಾದರೆ ಹಿಂದಿರುತ್ತೆ,” ಎಂದು ಮೇಷ್ಟರು ಬಂದವರಿಗೆಲ್ಲ ತೋರಿಸುವರು.

ಬಲಗಾಲನ್ನು ತುಸು ಎಳೆದು ನಡೆಯುವ ಗೋದಮ್ಮನವರು ಕಾಫಿ ತಂದರೆ ಹೊಸಿಲು ದಾಟುತ್ತಿರಲಿಲ್ಲ. “ನನ್ನ ಸವತಿಯರು ಸೌಖ್ಯವೇ? ಇವತ್ತು ಎಷ್ಟು ಜನರ ದರ್ಶನ ಆಯ್ತು, ನಯನ?” ಎಂದು ಅಲ್ಲಿಂದಲೇ ವಿಚಾರಿಸುವರು. ಹೆಚ್ಚು ಹಾಳೆ ನೋಡಿದ ದಿನ ನನ್ನ ಕಾಫಿಯಲ್ಲಿ ಸಕ್ಕರೆ ಇರುತ್ತಿರಲಿಲ್ಲ.

ಇದನ್ನೆಲ್ಲ ನಗುತ್ತ ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ. “ಅವ್ರಿಗೆ ಒಟ್ಟೆಕಿಚ್ಚು ಚಿತ್ರದೋರ್ ಮ್ಯಾಲಲ್ಲ ಕಣವ್ವ. ಪಕ್ಕದಲ್ ಕೂತ್ಕಂಡಿದ್ದಿಯಲ್ಲ, ನಿನ್ ಮ್ಯಾಲೆ,” ಎಂದಳು.

ಹೋದ ತಿಂಗಳು ಮೇಷ್ಟರು ಮತ್ತೆ ಗಂಟಿನ ಪಾಠ ಶುರುಮಾಡಿದರು. ಅಂದು ತಟ್ಟೆ ಬೀಳಲಿಲ್ಲ. ಅವರ ಬೆನ್ನ ಹಿಂದಿನ ಬಾಗಿಲಿನಿಂದ ದನಿ ಬಂತು:

“ಊರವರ ಗಂಟೆಲ್ಲ ಗೊತ್ತು ನಿಮಗೆ. ತಿರುಗಿ ನೋಡದೆ ಹೇಳಿ, ನಾನು ಸೆರಗು ಸಿಕ್ಕಿಸೋದು ಸೊಂಟದ ಯಾವ ಪಕ್ಕಕ್ಕೆ?”

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. “ಬಲಕ್ಕೆ... ಅಲ್ಲವೇನೇ ಗೋದಾ?”

“ಮದುವೆಯಾದಾಗಿನಿಂದ ಎಡಕ್ಕೆ. ದಾರೀಲಿ ಹೋಗೋರಿಗೆಲ್ಲ ತೋರಿಸ್ತೀರಿ. ನನ್ನನ್ನ ಕೂರಿಸಿಕೊಂಡು ಒಂದು ಹಾಳೆ ತಿರುಗಿಸಿದ್ದೀರಾ?”

“ನೀನು ಕೇಳಲೇ ಇಲ್ಲವಲ್ಲೇ!”

“ತಟ್ಟೆ ಬೀಳಿಸಿದ್ದು ಮತ್ತೇನು?”

ಮೇಷ್ಟರು ಜಮಖಾನದ ಮೇಲೆ ಪಕ್ಕಕ್ಕೆ ಸರಿದರು. ಆ ಪಕ್ಕದಲ್ಲಿ ನಾನಿದ್ದೆ, ಏಳಬೇಕಾಯಿತು. ಗೋದಮ್ಮನವರು ಒದ್ದೆಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಸಿಲು ದಾಟಿ ಬಂದು, ನನ್ನ ಜಾಗದಲ್ಲಿ ಕುಳಿತರು. ಮೊದಲ ಗಣಿಕೆಯನ್ನು ಬಹಳ ಹೊತ್ತು ನೋಡಿ, “ಪಾಪ, ತಲೆಗೆ ಇಷ್ಟು ಕಡ್ಡಿ ಚುಚ್ಚಿಕೊಂಡು ಈ ಹುಡುಗಿ ಮಲಗೋದು ಹೇಗೇಂತ?” ಎಂದರು. “ಗೊತ್ತಿಲ್ಲ ಕಣೇ,” ಎಂದು ಮೇಷ್ಟರು ನಕ್ಕರು. ಹಾಗೆ ಅವರು ನನ್ನೊಡನೆ ಎಂದೂ ನಕ್ಕಿರಲಿಲ್ಲ. ಕಾಫಿಲೋಟವನ್ನು ನಾನು ಬೇಕೆಂದೇ ಸದ್ದಾಗುವಂತೆ ಕೆಳಗಿಟ್ಟೆ. ಇಬ್ಬರೂ ತಲೆಯೆತ್ತಲಿಲ್ಲ.

ಇಂಥವರನ್ನು ನಾವು ಹೊಟ್ಟೆಕಿಚ್ಚಿನವರು ಎಂದು ಸುಲಭವಾಗಿ ಕರೆದುಬಿಡುತ್ತೇವೆ. ಅವರಿಗೆ ಬೇಕಾಗಿರುವುದು ಜಮಖಾನದ ಮೇಲೆ ಒಂದು ಮೊಳ ಜಾಗ. ಬಾಯಿಬಿಟ್ಟು ಕೇಳಲು ಮನಸ್ಸು ಒಪ್ಪದೆ ತಟ್ಟೆ ಬೀಳಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಕೊನೆಯವರೆಗೂ ಬೆಕ್ಕಿನ ಲೆಕ್ಕಕ್ಕೇ ಹೋಗುತ್ತದೆ.